ಕಾಡು ಎಂದರೆ ಫಾರೆಸ್ಟ್

ಕೋರ್ಟಿನಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಕಳೆದ ತಿಂಗಳು ಮನೆಗೆ ಬಂದಿದ್ದಳು. ಎಂ.ಎ. ಮಾಡಿದ್ದಾಳೆ, ಮೂರು ಭಾಷೆ ಓದಲು ಬರೆಯಲು ಬರುತ್ತದೆ, ಸಾಲದ್ದಕ್ಕೆ ಫೋನಿನಲ್ಲಿ ಅದೇನೋ ಆ್ಯಪ್ ಬೇರೆ. “ಈಗೆಲ್ಲ ಸುಲಭ ಆಂಟಿ, ನಾವು ಮಾತಾಡಿದರೆ ಸಾಕು, ಅದೇ ಇಂಗ್ಲಿಷ್ ಮಾಡಿಕೊಡುತ್ತೆ” ಎಂದಳು. ನಾನು ಫೋನ್ ಈಸಿಕೊಂಡು ಅದರ ಮುಂದೆ ‘ಕಾಡು’ ಎಂದೆ. ಫಾರೆಸ್ಟ್ ಎಂದಿತು. ತಮಿಳಿಗೆ ಬದಲಿಸಿ ಮತ್ತೆ ಕಾಡು ಎಂದೆ. ಫಾರೆಸ್ಟ್. ಮಲಯಾಳಕ್ಕೆ ಬದಲಿಸಿದೆ. ಅಲ್ಲೂ ಫಾರೆಸ್ಟ್. ಹುಡುಗಿ ತಾನೇ ಗೆದ್ದವಳ ಹಾಗೆ ನಕ್ಕಳು. ನಮ್ಮ ಹಳೆಯ ಶಿರಸ್ತೇದಾರರೇ ಆ ಫೋನಿನೊಳಗೆ ಹೋಗಿ ಕುಳಿತಿದ್ದಾರೇನೋ ಎಂದು ನನಗೆ ಅನುಮಾನ ಬಂತು.

ಅವಳಿಗೆ ಅವತ್ತು ಕಾಫಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಬಾಯಲ್ಲಿ ಹೇಳಿದರೆ ಇವರು ತಲೆಯಾಡಿಸುತ್ತಾರೆ, ಗೇಟು ದಾಟಿದ ಮೇಲೆ ಮರೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತು ವರ್ಷ ನೀಲಗಿರಿಯ ಒಂದು ಸಣ್ಣ ಕೋರ್ಟಿನಲ್ಲಿ ಭಾಷಾಂತರದ ಕೆಲಸ ಮಾಡಿದೆ. ಯಾವ ಕೋರ್ಟು ಎಂದು ಕೇಳಬೇಡಿ. ಸಿವಿಲ್ ಕ್ರಿಮಿನಲ್ ಎರಡನ್ನೂ ಒಬ್ಬರೇ ವಿಚಾರಿಸುವ, ಮಳೆಗಾಲದಲ್ಲಿ ಕಡತಕ್ಕೂ ವಕೀಲರ ಕೋಟಿಗೂ ಒಂದೇ ಬೂಷ್ಟಿನ ವಾಸನೆ ಬರುವ ಕೋರ್ಟು ಎಂದಿಟ್ಟುಕೊಳ್ಳಿ.

ನಾನು ಕೋತಗಿರಿ ಹತ್ತಿರದ ಹಟ್ಟಿಯವಳು. ಮನೆಯಲ್ಲಿ ಬಡಗ, ಶಾಲೆಯಲ್ಲಿ ತಮಿಳು, ಕಾಲೇಜು ಮೈಸೂರಿನಲ್ಲಾದ್ದರಿಂದ ಕನ್ನಡ. ಮಸಿನಗುಡಿ ಕಡೆಯಿಂದ ಬರುವ ಸಾಕ್ಷಿಗಳ ಮಾತು ಅರ್ಥವಾಗುವವರು ಒಬ್ಬರು ಬೇಕು ಎಂದು ನನ್ನನ್ನು ತೆಗೆದುಕೊಂಡರು. ಕೆಲಸ ಏನೆಂದರೆ, ಕಟಕಟೆಯ ಪಕ್ಕ ನಿಂತು ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು. ಮಧ್ಯಾಹ್ನದ ಮೇಲೆ ಕುಳಿತು, ತಮಿಳಿನಲ್ಲಿ ಬರೆದುಕೊಂಡ ಸಾಕ್ಷಿಗಳನ್ನು ಮೇಲಿನ ಕೋರ್ಟಿಗೆ ಕಳಿಸಲು ಇಂಗ್ಲಿಷ್ ಮಾಡುವುದು. ಸರಿಯಾಗಿ ಮಾಡಿದ ದಿನ ನೀವು ಅಲ್ಲಿ ಇದ್ದೀರೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದ ದಿನ ಜವಾನನೂ ಬುದ್ಧಿ ಹೇಳುತ್ತಾನೆ.

ನಮ್ಮ ಶಿರಸ್ತೇದಾರರು ಬಯಲುಸೀಮೆಯ ತಮಿಳರು. ಕಚೇರಿಯ ಕಡತಗಳೆಲ್ಲ ಅವರ ಕೈಕೆಳಗೆ. ಭಾಷೆಯೂ ಒಂದು ಕಡತ ಎಂದೇ ಅವರು ನಂಬಿದ್ದರು. ನಾನು ಸೇರಿದ ಮೊದಲ ವಾರವೇ ಒಂದು ಉದ್ದನೆಯ ನೋಟ್‌ಬುಕ್ ಕೈಗೆ ಕೊಟ್ಟರು. ಎಡಗಡೆ ಇಲ್ಲಿನ ಮಾತು, ಬಲಗಡೆ ಇಂಗ್ಲಿಷ್. ಒಂದು ಪದಕ್ಕೆ ಒಂದೇ ಅರ್ಥ, ಕೆಳಗೆ ಅವರ ಸಹಿ. ಕಾಡು ಎಂದರೆ ಫಾರೆಸ್ಟ್. ಸಹಿ. ಇದು ಹೇಗೆ ಸಾರ್ ಎಂದರೆ ವ್ಯುತ್ಪತ್ತಿಯನ್ನೂ ಹೇಳುತ್ತಿದ್ದರು. “ಕನ್ನಡದಲ್ಲಿ ಕಾಡುವುದು ಅಂದರೆ ತೊಂದರೆ ಕೊಡೋದು, ಇಲ್ಲವಾ? ಹುಲಿ, ಆನೆ, ಜಿಗಣೆ ಎಲ್ಲಾ ಮನುಷ್ಯನನ್ನ ಕಾಡುತ್ತೆ. ಅದಕ್ಕೇ ಕಾಡು.” ಹೀಗೆ ಹೇಳಿ ಮೀಸೆಯಡಿಯಲ್ಲಿ ನಗುವರು. ಕನ್ನಡ ಬಾರದವರಿಂದ ಕನ್ನಡದ ವ್ಯುತ್ಪತ್ತಿ ಕೇಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ನೋಟ್‌ಬುಕ್ಕನ್ನು ನಂಬಿ ನಾನು ಮೊದಲು ಮುಗ್ಗರಿಸಿದ್ದು ಇಬ್ಬರು ಅಣ್ಣತಮ್ಮಂದಿರ ಪಾಲಿನ ಕೇಸಿನಲ್ಲಿ. ಕೋಯಮತ್ತೂರು ಸೀಮೆಯ ಮೇಟ್ಟುಪಾಳಯದವರು, ಕೋತಗಿರಿಯಲ್ಲೂ ಒಂದಿಷ್ಟು ಜಮೀನಿತ್ತು. ಅಣ್ಣ ಕಟಕಟೆಯಲ್ಲಿ ನಿಂತು “ಎಂಗ ಕಾಟ್ಟುಲ ಪಾದಿ ಎನಕ್ಕು” ಎಂದ. ನಮ್ಮ ಕಾಡಿನಲ್ಲಿ ಅರ್ಧ ನನ್ನದು. ಆ ಕಾಡಿನಲ್ಲಿ ಅಪ್ಪ ಜೋಳ ಬಿತ್ತುತ್ತಿದ್ದ, ಬಾವಿ ತೋಡಿಸಿದ್ದ, ತಮ್ಮ ಅದೇ ಕಾಡಿಗೆ ಬೇಲಿ ಹಾಕಿಬಿಟ್ಟ ಎಂದೆಲ್ಲ ಹೇಳಿದ. ನಾನು ಎಲ್ಲಕ್ಕೂ ಫಾರೆಸ್ಟ್ ಎಂದು ಬರೆದು ಮೇಲಿನ ಕೋರ್ಟಿಗೆ ಕಳಿಸಿದೆ. ಫಾರೆಸ್ಟಿನಲ್ಲಿ ಜೋಳ ಯಾಕೆ ಬಿತ್ತುತ್ತಾರೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಪದವಿ ಪಡೆದ ತಲೆ ನೋಡಿ. ಮೇಲಿನಿಂದ ಕಾಗದ ಬಂತು: ಸರ್ಕಾರದ ಅರಣ್ಯವನ್ನು ಇಬ್ಬರು ಖಾಸಗಿ ವ್ಯಕ್ತಿಗಳು ಹಂಚಿಕೊಳ್ಳುವುದು ಹೇಗೆ, ವಿವರಣೆ ಕೊಡಿ.

ಆ ಕಡೆಯ ತಮಿಳಿನಲ್ಲಿ ಕಾಡು ಎಂದರೆ ಮಳೆ ನಂಬಿ ಬಿತ್ತುವ ಹೊಲ ಎಂದು ಅವತ್ತು ತಿಳಿಯಿತು. ಕಾಡಿಗೆ ಹೋಗುತ್ತೇನೆ ಎಂದರೆ ಅವರು ಹೊಲಕ್ಕೆ ಹೋಗುತ್ತಾರೆ. ವಕೀಲರ ಕೋಣೆಯಲ್ಲಿ ಒಂದು ವಾರ ನನ್ನನ್ನು ನೋಡಿದಾಗೆಲ್ಲ “ಫಾರೆಸ್ಟಲ್ಲಿ ಬೆಳೆ ಹೇಗಿದೆಯಮ್ಮಾ?” ಎಂದರು. ಶಿರಸ್ತೇದಾರರು ನನಗೆ ಒಂದು ಮೆಮೊ ಕೊಟ್ಟರು. ಅರ್ಥ ಕೊಟ್ಟವರು ಅವರು, ಮೆಮೊ ನನಗೆ. ನೋಟ್‌ಬುಕ್ಕಿನಲ್ಲಿ ಹೊಲ ಎಂದು ಸೇರಿಸೋಣವೇ ಎಂದು ಕೇಳಿದೆ. ಕೋಯಮತ್ತೂರಿನವರು ತಪ್ಪು ತಮಿಳು ಆಡಿದರೆ ಅದಕ್ಕೆ ಸರ್ಕಾರದ ನೋಟ್‌ಬುಕ್ ಯಾಕೆ ಕೆಡಿಸಬೇಕು ಎಂದರು.

ಗೂಡಲೂರಿನ ಒಬ್ಬ ವಕೀಲರಿಂದ ಅದೇ ಪದ ಮತ್ತೊಂದು ರೀತಿ ಬಂತು. ಅವರ ಮನೆಮಾತು ಮಲಯಾಳ, ಸಿಟ್ಟು ಬಂದರೆ ಅದೇ ಹೊರಡುತ್ತಿತ್ತು. ಮಸಿನಗುಡಿಯ ಒಬ್ಬ ಮುದುಕ, ಹಸು ಕಳೆದ ಕೇಸಿನ ಸಾಕ್ಷಿ, ಕೇಳಿದ್ದನ್ನು ಬಿಟ್ಟು ಮಗಳ ಮದುವೆಯ ಕತೆ ಶುರುಮಾಡಿದ. ವಕೀಲರು “ಕಾಡು ಕಯರಲ್ಲೇ!” ಎಂದು ಗದರಿದರು. ಮುದುಕ ನನ್ನ ಕಡೆ ತಿರುಗಿ “ಏನಂತಾರವ್ವ?” ಎಂದ. ನಾನು ಪದಕ್ಕೆ ಪದ ಇಟ್ಟು, “ಕಾಡು ಹತ್ತಬೇಡ ಅಂತಾರೆ” ಎಂದೆ. ಅವನು ಕೈಮುಗಿದ. “ನಾನ್ಯಾಕೆ ಕಾಡು ಹತ್ಲಿ ಸಾಮಿ, ನಾನು ಬಸ್ಸಲ್ಲಿ ಬಂದಿವ್ನಿ. ಟಿಕೇಟು ಐತೆ ನೋಡಿ.” ಟಿಕೇಟನ್ನು ಮುಂದೆ ಹಿಡಿದೇಬಿಟ್ಟ. ಮಾತು ಬಿಟ್ಟು ಎಲ್ಲೆಲ್ಲೋ ಹೋಗುವುದಕ್ಕೆ ಮಲಯಾಳದಲ್ಲಿ ಹಾಗೆನ್ನುತ್ತಾರೆ ಎಂದು ಗೂಡಲೂರಿನ ಗುಮಾಸ್ತ ನಕ್ಕು ನಕ್ಕು ಹೇಳಿದ.

ಇಷ್ಟೆಲ್ಲ ಆದಮೇಲೆ ನಮ್ಮನ್ನು ಉದ್ಧರಿಸಲು ಊಟಿಯಲ್ಲಿ ಒಂದು ದಿನದ ತರಬೇತಿ ನಡೆಯಿತು. ಎಲ್ಲಿಂದಲೋ ಒಬ್ಬ ಭಾಷಾ ಪಂಡಿತರು ಬಂದಿದ್ದರು. ಎದ್ದು ನಿಂತು ಕಾಡಿನ ಬಗ್ಗೆ ಕೇಳಿದೆ. ಅವರ ಮುಖ ಅರಳಿತು. ತಮಿಳು, ಮಲಯಾಳ, ಕನ್ನಡ, ತುಳು ಎಲ್ಲಕ್ಕೂ ಮೂಲ ಒಂದೇ, ನಮ್ಮ ಬೆಟ್ಟದ ತೋಡರ, ಕೋತರ ಮಾತಿನಲ್ಲೂ ಅದರ ನಂಟರಿದ್ದಾರೆ ಎಂದರು. ಹಳೆಯ ತಮಿಳಿನಲ್ಲಿ ಕಾಡು ಎಂದರೆ ಹೆಣ ಸುಡುವ ನೆಲವೂ ಹೌದು, ನಮ್ಮ ಸುಡುಗಾಡಿನಲ್ಲಿ ಉಳಿದಿರುವುದು ಅದೇ. ನೆರೆ ನೀರು ತುಂಬಿ ನಿಂತರೆ ಅದನ್ನೂ ತಮಿಳಿನಲ್ಲಿ ವೆಳ್ಳಕ್ಕಾಡು ಎನ್ನುತ್ತಾರೆ. ಪೀಡಿಸುವ ಕಾಡು ಬೇರೆ ಪದ, ಇದಕ್ಕೂ ಅದಕ್ಕೂ ನಂಟಿಲ್ಲ. ಶಿರಸ್ತೇದಾರರು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದರು. ಅವರ ಹುಲಿ, ಜಿಗಣೆ ಎಲ್ಲ ಸತ್ತದ್ದು ಅವರಿಗೆ ತಿಳಿಯಲಿಲ್ಲ.

“ಹಾಗಾದರೆ ಸಾಕ್ಷಿ ಕಾಡು ಎಂದರೆ ನಾನು ಏನು ಬರೆಯಲಿ?” ಎಂದು ಕೇಳಿದೆ. ಪಂಡಿತರು ಗಡಿಯಾರ ನೋಡಿ “ಸಂದರ್ಭ, ಸಂದರ್ಭ” ಎಂದರು. ಆಮೇಲೆ ಊಟಕ್ಕೆ ಎದ್ದರು. ಅಷ್ಟನ್ನು ಹೇಳಲು ಅವರಿಗೆ ಅರ್ಧ ದಿನ ಬೇಕಾಗಿತ್ತು.

ಅವರನ್ನೆಲ್ಲ ಹೀಗೆ ಆಡಿಕೊಂಡೆನಲ್ಲ, ಇನ್ನು ನನ್ನ ಸರದಿ. ಮಾದಿ ಎಂಬ ಹೆಂಗಸಿನ ಕೇಸಿನಲ್ಲಿ ನಾನು ಮಾಡಿದ್ದರ ಮುಂದೆ ಅವರ ಮೂರ್ಖತನ ಏನೂ ಅಲ್ಲ.

ಮಾದಿ ಮಸಿನಗುಡಿ ಹತ್ತಿರದ ಮಾವನಲ್ಲ ಎಂಬ ಊರಿನ ಆಚೆಯವಳು. ಅವಳ ಜನ ಹಿಂದಿನಿಂದಲೂ ಬೆಟ್ಟದಡಿಯಲ್ಲಿ ಇದ್ದವರು, ಈಗ ಕೂಲಿಗೆ ಹೋಗುವವರು. ಐವತ್ತು ದಾಟಿದ ಗಟ್ಟಿ ಆಳು. ಗಂಡ ಇಲ್ಲ. ಅವಳಿಗಿದ್ದದ್ದು ಒಂದು ತುಂಡು ನೆಲ, ಅಪ್ಪನ ಕಾಲದಿಂದ ರಾಗಿ, ಸಾಮೆ ಹಾಕುತ್ತಿದ್ದದ್ದು. ಕಾಗದ ಇರಲಿಲ್ಲ. ಅಂಥವರಿಗೆ ಹಕ್ಕುಪತ್ರ ಕೊಡುತ್ತಾರೆಂದು ಅರ್ಜಿ ಹಾಕಿ ಕಾಯುತ್ತಿದ್ದಳು. ಬಿತ್ತನೆಗೆ ಮುಂಚೆ ಪೊದೆ ಸವರುತ್ತಿದ್ದಾಗ ಅರಣ್ಯ ಇಲಾಖೆಯವರು ಹಿಡಿದರು. ಅರಣ್ಯ ಕಡಿದಳು ಎಂದು ಕೇಸಾಯಿತು.

ಅವಳು ಕಟಕಟೆಗೆ ಬಂದು ಬಾಯಿ ತೆರೆದಾಗ ನನಗೆ ಖುಷಿಯಾಯಿತು. ತಮಿಳಿನ ಪದಗಳು ನಡುನಡುವೆ ಬಂದರೂ ಅವಳ ಮಾತು ಕನ್ನಡದ ಜಾಡಿನಲ್ಲೇ ಇತ್ತು, ನಮ್ಮ ಬಡಗದ ಹಾಗೆ ಹಳೆಯ ಕನ್ನಡದ ವಾಸನೆಯೂ ಇತ್ತು. ಇದು ನನ್ನ ಮಾತೇ, ಇಲ್ಲಿ ಯಾವ ಪಂಡಿತನೂ ಬೇಡ ಎಂದುಕೊಂಡೆ. ಮ್ಯಾಜಿಸ್ಟ್ರೇಟರು ಕೇಳಿಸಿದರು: ಕಡಿದದ್ದು ನಿಜವೇ?

“ಕಡಿದೆ ಸಾಮಿ” ಎಂದಳು ಮಾದಿ. “ನನ್ನ ಕಾಡು. ನಾನೇ ಕಡಿದೆ. ವರ್ಷ ವರ್ಷ ಕಡೀತೀನಿ.”

ಕಾಡನ್ನು ಹೊಲ ಎನ್ನುವವರು ಕೋಯಮತ್ತೂರಿನ ತಮಿಳರು. ಇವಳು ಆಡುತ್ತಿರುವುದು ಕನ್ನಡದಂಥದ್ದು. ಕನ್ನಡದಲ್ಲಿ ಕಾಡು ಎಂದರೆ ಕಾಡೇ. ಹೀಗೆ ಯೋಚಿಸುವುದಕ್ಕೂ ನಾನು ಸಮಯ ತೆಗೆದುಕೊಳ್ಳಲಿಲ್ಲ. ಆ ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲೇ ಬರೆದುಕೊಳ್ಳುವವರು, ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದೆ: ಫಾರೆಸ್ಟ್ ಕಡಿದದ್ದು ನಾನೇ, ಅದು ನನ್ನ ಫಾರೆಸ್ಟ್, ಪ್ರತಿ ವರ್ಷ ಕಡಿಯುತ್ತೇನೆ.

ಇಡೀ ಹಾಲು ನಕ್ಕಿತು. “ಅವಳ ಫಾರೆಸ್ಟ್ ಅಂತೆ!” ಎಂದು ಒಬ್ಬ ವಕೀಲರು ಬೆಂಚು ತಟ್ಟಿದರು. ಮ್ಯಾಜಿಸ್ಟ್ರೇಟರಿಗೂ ನಗು ಬಂತು, ಸಿಟ್ಟೂ ಬಂತು. “ಫಾರೆಸ್ಟ್ ನಿಮ್ಮಪ್ಪನದಾ ಎಂದು ಕೇಳಮ್ಮಾ” ಎಂದರು. ಕೇಳಿದೆ. ಮಾದಿ ತಲೆಯೆತ್ತಿ “ಹೂಂ ಸಾಮಿ, ಅಪ್ಪಂದೇ” ಎಂದಳು. ಹಾಲು ಮತ್ತೆ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ಅವಳು ನನ್ನ ಮುಖ ನೋಡಿದಳು. ಇವತ್ತಿಗೂ ಆ ನೋಟ ನೆನೆದರೆ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ನಾನೂ ನಗುತ್ತಿದ್ದೆ.

ತಪ್ಪು ಒಪ್ಪಿದ್ದಾಳೆ ಎಂದು ಬರೆದುಕೊಂಡರು. ಮುಂದಿನ ದಿನಾಂಕ ಹಾಕಿದರು. ಕೇಸು ಮುಗಿಯುವವರೆಗೆ ಆ ಜಾಗಕ್ಕೆ ಕಾಲಿಡಬಾರದು, ಅಲ್ಲಿ ಕತ್ತಿ ಮುಟ್ಟಬಾರದು ಎಂದರು. ಅದನ್ನೂ ನಾನೇ ಅವಳಿಗೆ ಹೇಳಿದೆ. “ಬಿತ್ತೋದು?” ಎಂದು ಕೇಳಿದಳು. ಫಾರೆಸ್ಟಿನಲ್ಲಿ ಏನು ಬಿತ್ತುತ್ತಾಳೆ ಎಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಒಂದು ಮೆಮೊ ತಿಂದು ಕಲಿತ ಪಾಠ ಅದು. ಹೊಳೆಯಲಿಲ್ಲ.

ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಸಿನಗುಡಿ ಬಸ್ಸಿಗೆ ಕಾಯುತ್ತಾ ಮಾದಿ ತಂಗಿಯ ಜೊತೆ ಕುಳಿತಿದ್ದಳು. ನಾನು ಕೋತಗಿರಿ ಬಸ್ಸಿಗೆ ನಿಂತಿದ್ದೆ. ತಂಗಿ ಹೇಳುತ್ತಿದ್ದಳು: “ಮಲೇಲಿಂದ ಆನೆ ಇಳಿದು ಕಾಡಿಗೆ ಬಂತು ಅಂದ್ರೆ ರಾಗಿ ಒಂದು ತೆನೆ ಉಳಿಯಲ್ಲ. ಕಾವಲಿಗೂ ಹೋಗಬಾರದು ಅಂದ್ರಾ?” ಮಾದಿ ಅಂದಳು, “ಈ ವರ್ಷ ಬಿತ್ತೋದೇ ಇಲ್ಲ, ಆನೆ ಬಂದು ಏನ ತಿಂತದೆ?”

ಮಲೆಯಿಂದ ಆನೆ ಇಳಿದು ಕಾಡಿಗೆ ಬಂತು. ಆನೆ ಇರುವ ಜಾಗ ಇವಳಿಗೆ ಮಲೆ. ರಾಗಿ ಇರುವ ಜಾಗ ಕಾಡು. ಪೊದೆ ಕಡಿದು ಬಿತ್ತುವ ನೆಲಕ್ಕೆ ಅವಳ ಜನ ಇಟ್ಟುಕೊಂಡ ಹೆಸರು ಅದು. ಮಾದಿ ಹೇಳಿದ್ದು, ನನ್ನ ಹೊಲದ ಪೊದೆ ನಾನೇ ಸವರಿದೆ, ಹೊಲ ನನ್ನ ಅಪ್ಪನದು ಎಂದು. ಅಪರಿಚಿತ ಮಾತಾಗಿದ್ದರೆ ನಾನು ಎರಡು ಸಲ ಕೇಳುತ್ತಿದ್ದೆ. ನನ್ನ ಮಾತಿನ ಹಾಗೆ ಕೇಳಿಸಿತು, ಅದಕ್ಕೇ ಕೇಳಲಿಲ್ಲ. ಈ ಕೆಲಸಕ್ಕೆ ಬರುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು.

ಮರುದಿನ ಶಿರಸ್ತೇದಾರರ ಮುಂದೆ ನಿಂತೆ. ಎಲ್ಲ ಕೇಳಿಸಿಕೊಂಡು “ಎಳುದಿಯಾಚುಮ್ಮಾ, ವಿಡು” ಎಂದರು. ಬರೆದಾಗಿದೆ, ಬಿಡು. ನಾನು ಬಿಡದೆ ನಿಂತಾಗ ನೋಟ್‌ಬುಕ್ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. “ನಿನ್ನ ಕೈಯಲ್ಲಿ ಈಗಾಗಲೇ ಒಂದು ಮೆಮೊ ಇದೆ. ಇದೇ ಪದಕ್ಕೆ. ಇನ್ನೊಂದು ಬಂದರೆ ಈ ಹುದ್ದೆಯಲ್ಲಿ ಇರುತ್ತೀಯಾ? ಅವಳು ಹೇಳಿದ್ದು ಕಾಡು. ಕಾಡು ಎಂದರೆ ಫಾರೆಸ್ಟ್. ನೀನು ತಪ್ಪೇ ಮಾಡಿಲ್ಲ.”

ನಾನು ತಪ್ಪೇ ಮಾಡಿಲ್ಲ ಎಂಬ ಮಾತು ಎಷ್ಟು ಹಿತವಾಗಿತ್ತು ಎಂದರೆ ಅದನ್ನು ಹಿಡಿದುಕೊಂಡು ಸುಮ್ಮನಾದೆ. ಒಂದು ವಾರ ಅಲ್ಲ, ಎರಡು ವಾರ ಅಲ್ಲ, ಎರಡು ಮಳೆಗಾಲ. ಕೇಸು ಮುಂದೂಡುತ್ತಲೇ ಇತ್ತು. ಮಾದಿ ಪ್ರತಿ ಸಲ ಬಂದು ವರಾಂಡದಲ್ಲಿ ಕುಳಿತು ಹೋಗುತ್ತಿದ್ದಳು. ನನ್ನನ್ನು ನೋಡಿದರೆ ಎದ್ದು ನಿಂತು “ಅಕ್ಕಾ, ಯಾವಾಗ ಮುಗೀತದೆ?” ಎನ್ನುವಳು. ತನ್ನ ಮಾತು ಅರ್ಥವಾಗುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ ಎಂದು ಅವಳು ನಂಬಿದ್ದಳು. ನಾನು ಕಡತ ಎದೆಗವಚಿಕೊಂಡು ಅವಸರವಿದ್ದವಳ ಹಾಗೆ ಒಳಗೆ ಹೋಗುತ್ತಿದ್ದೆ. ಅವರಿವರನ್ನು ಮೂರ್ಖರೆಂದು ಅಂದೆನಲ್ಲ, ಅವರು ಯಾರೂ ಹೇಡಿಗಳಾಗಿರಲಿಲ್ಲ. ಅದು ನಾನೇ.

ಕೊನೆಗೆ ಮನೆಯಲ್ಲಿ ಬಾಯಿಬಿಟ್ಟೆ. ಅವ್ವ ಟೀ ಸೊಪ್ಪು ಕಿತ್ತು ಬಂದು ಜಗುಲಿಯಲ್ಲಿ ಕುಳಿತಿದ್ದಳು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು, “ಆ ಹೆಮ್ಮಾತಿಗ ಏನ ಆತು?” ಆ ಹೆಂಗಸಿಗೆ ಏನಾಯಿತು? ನಾನು ಮೆಮೊ, ಶಿರಸ್ತೇದಾರರು, ನೋಟ್‌ಬುಕ್ ಎಂದೆಲ್ಲ ಹೇಳಿದೆ. ಅವ್ವ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದಳು.

ಅಷ್ಟು ಹೊತ್ತಿಗೆ ಹೊಸ ಮ್ಯಾಜಿಸ್ಟ್ರೇಟರು ಬಂದಿದ್ದರು, ಹೆಂಗಸು. ನೇರವಾಗಿ ಅವರಿಗೇ ಬರೆದುಕೊಟ್ಟೆ: ನನ್ನ ಭಾಷಾಂತರದಲ್ಲಿ ತಪ್ಪಿದೆ, ತಪ್ಪಿದೆ ಎಂದು ಅಂದಿನಿಂದಲೂ ನನಗೆ ಗೊತ್ತಿದೆ. ಶಿರಸ್ತೇದಾರರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಎರಡನೆಯ ಮೆಮೊ ಬಂತು. ಹುದ್ದೆ ಹೋಗಲಿಲ್ಲ. ಎರಡು ವರ್ಷ ನಾನು ಹೆದರಿದ್ದು ಒಂದು ಹಾಳೆ ಕಾಗದಕ್ಕೆ.

ಮಾದಿಯನ್ನು ಮತ್ತೆ ಕಟಕಟೆಗೆ ಕರೆದರು. ಮ್ಯಾಜಿಸ್ಟ್ರೇಟರು ಜಾಣೆ, ಕಾಡು ಎಂಬ ಪದವನ್ನೇ ಎತ್ತಲಿಲ್ಲ. ಆನೆ ಎಲ್ಲಿರುತ್ತದೆ ಎಂದು ಕೇಳಿಸಿದರು.

“ಮಲೇಲಿ ಸಾಮಿ.”

ರಾಗಿ ಎಲ್ಲಿ ಬೆಳೆಯುತ್ತೀಯ?

“ಕಾಡಲ್ಲಿ.”

ಕತ್ತಿ ಹಾಕಿದ್ದು ಮಲೆಯಲ್ಲೋ, ಕಾಡಲ್ಲೋ?

ಮಾದಿಗೆ ಈ ಓದಿದವರ ಮೇಲೆ ಕನಿಕರ ಬಂದಿರಬೇಕು. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. “ಮಲೇಲಿ ಯಾಕೆ ಕಡೀಲಿ? ಅದು ದೇವರದು. ನನ್ನ ಕಾಡು ನಾನು ಕಡಿದೆ.”

ಈ ಸಲ ಯಾರೂ ನಗಲಿಲ್ಲ. ಅದೇ ತಿಂಗಳು ಅವಳನ್ನು ಬಿಡುಗಡೆ ಮಾಡಿದರು. ಅವಳ ಲೀಗಲ್ ಏಡ್ ವಕೀಲ ನನ್ನ ಕೈಕುಲುಕಿದ. ನಾನೂ ಬೀಗಿದೆ. ಹೆಮ್ಮೆಯಿಂದಲೇ ಮನೆಗೆ ಹೋಗಿ ಅವ್ವನಿಗೆ ಉತ್ತರ ಹೇಳಿದೆ.

ಅವಳನ್ನು ನೋಡಲು ನಾನು ಹೋದದ್ದು ನಿವೃತ್ತಿಯಾದ ಮೇಲೆ. ಮಾವನಲ್ಲದಲ್ಲಿ ಬಸ್ಸಿಳಿದು ಕೇಳಿದರೆ ಕೆಲಸಕ್ಕೆ ಹೋಗಿದ್ದಾಳೆ ಎಂದರು. ಲಂಟಾನ ಕಡಿಯುವ ಕೂಲಿ. ಎಲ್ಲೋ ಯಾರದೋ ರೆಸಾರ್ಟಿನ ಬೇಲಿಯ ಪಕ್ಕ ಪೊದೆ ಸವರುತ್ತಿದ್ದಳು. ನನ್ನನ್ನು ಗುರುತು ಹಿಡಿದು ಕತ್ತಿ ಕೆಳಗಿಟ್ಟು ಬಂದಳು. “ಕಾಡು ಹೇಗಿದೆ ಮಾದಿ? ಈ ವರ್ಷ ಏನು ಹಾಕಿದ್ದೀಯ?” ಎಂದು ಕೇಳಿದೆ. ಸರಿಯಾದ ಅರ್ಥದಲ್ಲಿ ಆ ಪದ ಬಳಸಿದೆನೆಂದು ನನಗೆ ಒಳಗೊಳಗೇ ಸಂತೋಷ.

“ಬನ್ನಿ ಅಕ್ಕಾ, ತೋರಿಸ್ತೀನಿ” ಎಂದಳು.

ಅರ್ಧ ಮೈಲಿ ನಡೆದು ಒಂದು ಕಡೆ ನಿಂತಳು. ಎದುರಿಗೆ ತಲೆಗಿಂತ ಎತ್ತರದ ಲಂಟಾನ, ನಡುವೆ ಮುಳ್ಳುಗಿಡ, ಒಳಗೆ ಆನೆ ನುಗ್ಗಿದ ದಾರಿ, ದಾರಿಯಲ್ಲಿ ಹಸಿ ಲದ್ದಿ. ಹೊಲ ಎಲ್ಲಿ ಎಂದು ನಾನು ಸುತ್ತ ನೋಡಿದೆ.

“ಇದೇ” ಎಂದಳು. ಎರಡು ಮಳೆಗಾಲ ಕತ್ತಿ ಹಾಕಲಿಲ್ಲ, ಬಿತ್ತಲಿಲ್ಲ. ಬಿಡುಗಡೆಯಾದ ಎರಡೇ ವಾರಕ್ಕೆ ಹಕ್ಕುಪತ್ರದ ಅರ್ಜಿ ವಿಚಾರಿಸುವ ಅಧಿಕಾರಿಗಳು ಜಾಗ ನೋಡಲು ಬಂದರಂತೆ. ಇಲ್ಲಿ ಉಳುಮೆಯ ಗುರುತೇ ಇಲ್ಲ, ಪೂರ್ತಿ ಅರಣ್ಯ ಎಂದು ಬರೆದುಕೊಂಡು ಹೋದರಂತೆ. ಅರ್ಜಿ ವಜಾ ಆಯಿತು. ಅವರು ಸುಳ್ಳು ಬರೆದರೆಂದು ಹೇಳಲು ನನಗೆ ಬಾಯಿಲ್ಲ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರು.

“ಕಡಿದುಬಿಡು ಮಾದಿ. ನಾನು ಬಂದು ಸಾಕ್ಷಿ ಹೇಳುತ್ತೇನೆ” ಎಂದೆ. ನನ್ನ ದನಿ ನನಗೇ ಹಾಸ್ಯಾಸ್ಪದವಾಗಿ ಕೇಳಿಸಿತು. “ತಪ್ಪೆಲ್ಲ ನಂದು. ನಾನು ಅವತ್ತೇ ಹೇಳಬೇಕಿತ್ತು.”

ಮಾದಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಪೊದೆಯ ಅಂಚಿಗೆ ಬಂದು ನಿಂತಳು, ಒಳಗೆ ಕಾಲಿಡಲಿಲ್ಲ.

“ಈಗ ಕಡಿದ್ರೆ ತಪ್ಪು ಅಕ್ಕಾ” ಎಂದಳು. “ಅವತ್ತು ಇದು ಕಾಡು. ನೀವು ಮಲೆ ಅಂತ ಬರೆದ್ರಿ. ಈಗ ಮಲೇನೇ ಆಗ್ಬಿಡ್ತಲ್ಲ.”